ಕಳೆ ಬಂದ ಹಿತ್ತಲು

ಬೆಳಗ್ಗೆ ಹಿತ್ತಲ ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮೂಲೆಯ ತಂಗಡಿ ಗಿಡ ಸತ್ತಿತ್ತು.

ಬಾಡಿತ್ತು ಅಂತಲ್ಲ, ಸತ್ತೇಹೋಗಿತ್ತು. ಹಿಂದಿನ ಸಂಜೆ ಅದರ ತುಂಬ ಹಳದಿ ಹೂವು, ಹೂವಿನ ತುಂಬ ಜೇನುನೊಣ. ಸೊಸೆಯನ್ನು ಕರೆದು, "ನೋಡೇ, ಮೂಲೆಗೆ ಈಗ ಕಳೆ ಬಂತು" ಅಂತ ನಾನೇ ತೋರಿಸಿದ್ದೆ. ಈಗ ಅದೇ ಗಿಡ ಬಿಸಿಲಿಗೆ ಹಾಕಿ ಮರೆತ ಸಂಡಿಗೆ ಥರ ಬಿಳಿಚಿಕೊಂಡು ನಿಂತಿತ್ತು. ಬುಡದಲ್ಲಿದ್ದ ತುಂಬೆ, ಗರಗ, ಉತ್ತರಾಣಿ ಎಲ್ಲ ಮುಟ್ಟಿದರೆ ಪುಡಿ. ಗಿಡಕ್ಕೆ ಹುಳ ಹತ್ತೋದು ನೋಡಿದ್ದೇನೆ, ಬೇರು ಕೊಳೆಯೋದು ನೋಡಿದ್ದೇನೆ. ಬೆಳಗಾಗೋದರೊಳಗೆ ಹೀಗೆ ಯಾರೋ ಹಿಂಡಿ ಹಾಕಿದ ಹಾಗೆ ಆಗೋದು ನೋಡಿದ್ದು ಇದೇ ಮೊದಲು. ಜೇನುನೊಣಗಳು ಬಂದವು, ಒಂದು ಸುತ್ತು ಹಾಕಿದವು, ಹಾಗೇ ವಾಪಸ್ಸು ಹೋದವು.

"ಇಬ್ಬನೀ!" ಅಂತ ಕೂಗಿದ ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಇಬ್ಬನಿ ನನ್ನ ಸೊಸೆ. ಏಳು ತಿಂಗಳ ಬಸುರಿ. ದುರ್ಗದ ಬೆಟ್ಟದ ಕೆಳಗೆ ನೀರುಮನೆ ಅಂತ ಇದೆಯಲ್ಲ, ಊರಿನ ಅಷ್ಟೂ ಹಿತ್ತಲುಗಳಿಗೆ ಕೂತಲ್ಲಿಂದಲೇ ನೀರು ಹಂಚುವ ಕಚೇರಿ, ಅಲ್ಲಿ ಕೆಲಸ. ಓಡಿಬಂದವಳು ಸತ್ತ ತಂಗಡಿ ಕಡೆ ನೋಡಲೇ ಇಲ್ಲ. ಸೀದಾ ಗೋಡೆ ಪಕ್ಕದ ಈಶ್ವರಿ ಬಳ್ಳಿ ಹತ್ತಿರ ಹೋಗಿ ಎಲೆ ಮಗುಚಿ ನೋಡಿದಳು. ಹುಳುಗಳು ಇದ್ದವು. ಕಪ್ಪು ಮೈ, ಮೈತುಂಬ ಕೆಂಪು ಮುಳ್ಳಿನಂಥ ಗುಬುಟು, ಎಲೆ ಕಚ್ಚಿಕೊಂಡು ತಮ್ಮ ಪಾಡಿಗೆ ತಿನ್ನುತ್ತಿದ್ದವು. ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು.

ಆ ಹುಳುಗಳ ಮೇಲೆ ಊರೇ ನಿಂತಿತ್ತು. ನಮ್ಮ ಕಾಲಕ್ಕೆ ಮಳೆ ಅನ್ನೋದು ನೆಂಟರ ಥರ, ಬಂದರೆ ಬಂತು. ಸ್ನಾನದ ನೀರು, ಪಾತ್ರೆ ತೊಳೆದ ನೀರು ಬಿಟ್ಟರೆ ಹಿತ್ತಲಿಗೆ ಬೇರೆ ನೀರಿಲ್ಲ. ಅದನ್ನೂ ಹಿತ್ತಲಿಗೆ ಯಾಕೆ ಸುರೀತೀರ, ನೆಲಕ್ಕೆಲ್ಲ ಕಲ್ಲು ಹಾಸಿಬಿಡಿ ಅಂತ ಊರಿನ ನೀರಿನ ಸಮಿತಿಯವರು ಹಠ ಹಿಡಿದು ಕೂತಿದ್ದರು. ಇಬ್ಬನಿ ಜಗಳ ಆಡಿ ಆಡಿ ಒಂದು ಬೇಸಿಗೆಯ ಗಡುವು ತಂದಿದ್ದಳು. ಊರು ಬಿಟ್ಟುಹೋದ ಒಂದಾದರೂ ಜೀವ ಈ ಹಿತ್ತಲುಗಳಿಗೆ ವಾಪಸ್ಸು ಬರಬೇಕು, ಬಂದು ಬೆಳೆಯಬೇಕು. ಬೆಳೆದರೆ ಹಿತ್ತಲು ಉಳಿಯುತ್ತೆ, ಇಲ್ಲದಿದ್ದರೆ ಕಲ್ಲು. ಕೆಂಪು ಮೈಯ ಕರಿ ಚಿಟ್ಟೆಯನ್ನು ದುರ್ಗದಲ್ಲಿ ಯಾರಾದರೂ ನೋಡಿ ಎಷ್ಟೋ ವರ್ಷ ಆಗಿತ್ತು. ಅದರ ಹುಳು ಈಶ್ವರಿ ಬಳ್ಳಿ ಬಿಟ್ಟು ಬೇರೆ ಸೊಪ್ಪು ಮುಟ್ಟೋದಿಲ್ಲ. ಆ ಹುಳು ನಮ್ಮ ಗೋಡೆ ಮೇಲೆ ಕಂಡ ದಿನ ಇಬ್ಬನಿ ಅತ್ತುಬಿಟ್ಟಿದ್ದಳು. ಹೊಟ್ಟೆಯಲ್ಲಿ ಮಗು ನಿಂತ ಸುದ್ದಿ ಬಂದಾಗಲೂ ಹಾಗೆ ಅತ್ತಿರಲಿಲ್ಲ.

ಸರಿ, ತಂಗಡಿ ಸತ್ತದ್ದು ಹೇಗೆ? ನನಗೆ ಅನುಮಾನವೇ ಇರಲಿಲ್ಲ. ಪಕ್ಕದ ಮನೆ ತನುಜಾ.

ತನುಜಾ ನನ್ನ ಜೊತೆ ಶಾಲೆಗೆ ಬಂದವಳು. ನಾವು ಹುಟ್ಟಿದ ಕಾಲದಲ್ಲಿ ಬೀದಿಗೆ ನಾಲ್ಕು ಜನ ಶಿಲ್ಪಾ, ನಾಲ್ಕು ಜನ ತನುಜಾ. ಈಗ ಇಬ್ಬರೇ ಉಳಿದಿದ್ದೇವೆ, ಅಜ್ಜಿಗಳಾಗಿ. ಅವಳ ಹಿತ್ತಲು ಅಂದರೆ ಹಿತ್ತಲಲ್ಲ, ಕಾಡು. ಕಾರೆಮುಳ್ಳು, ಕವಳೆ ಪೊದೆ, ಹೆಸರಿಲ್ಲದ ಬಳ್ಳಿ, ಹಾವು ಇದ್ದರೂ ಗೊತ್ತಾಗೋದಿಲ್ಲ. ಕೇಳಿದರೆ, ಕೀಳೋಕೆ ಬೇಜಾರು ಅಂತಾಳೆ. ನೀರುಮನೆಯವರು ಊರಿನ ಹಿತ್ತಲುಗಳಿಗೆಲ್ಲ ನೀರು ಹನಿಸೋ ಬೇರುನೂಲು, ಗೋಡೆಗೆ ಅದರ ಬಿಲ್ಲೆ ಹಾಕಿದಾಗ ಇವಳೊಬ್ಬಳು ಬೇಡ ಅಂದಳು. ಮನೆ ಗೋಡೆ ಮೇಲೆ ನನ್ನ ಮಾತು ಕೇಳಿಸಿಕೊಳ್ಳೋ ಬಿಲ್ಲೆ ಯಾಕಿರಬೇಕು, ಗಂಡ ಇದ್ದಾಗಲೇ ಕೇಳಿಸಿಕೊಂಡಿಲ್ಲ ಅಂದಳು. ನಾನು ಅವತ್ತು ಗೋಡೆ ಹತ್ತಿರ ಹೋಗಿ, ನನ್ನ ಹಿತ್ತಲು ಚೆನ್ನಾಗಿರೋದು ನೋಡೋಕಾಗದೆ ಏನು ಸುರಿದೆ ಅಂತ ಕೇಳೇಬಿಟ್ಟೆ. ಅವಳು ನನ್ನ ಮುಖ ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೈಯೆಲ್ಲ ಉರಿಯಿತು. ಎಂಥಾ ಸೊಕ್ಕು ಅಂದುಕೊಂಡೆ.

ಒಣಗಿದ ಗಿಡಗಳನ್ನು ಕಟ್ಟು ಕಟ್ಟಿಕೊಂಡು ಇಬ್ಬನಿ ಜೊತೆ ನೀರುಮನೆಗೆ ಹೋದೆ. ಒಳಗೆ ತಣ್ಣಗೆ, ಕತ್ತಲು. ಗೋಡೆ ತುಂಬ ಊರಿನ ನಕ್ಷೆ, ಒಂದೊಂದು ಹಿತ್ತಲಿಗೂ ಒಂದೊಂದು ಹಸಿರು ಚುಕ್ಕೆ. ಅಲ್ಲಿಯ ಮುಖ್ಯಸ್ಥ ಪಾಲಾಕ್ಷ ಒಳ್ಳೆಯ ಹುಡುಗನೇ, ಆದರೆ ಎಲ್ಲದಕ್ಕೂ ಪಾಠ ಹೇಳುತ್ತಾನೆ. ಮಣ್ಣಿನೊಳಗೆ ಹಾಕಿರೋ ನೂಲು ಇದೆಯಲ್ಲಮ್ಮಾ, ಅದು ಅಣಬೆಯ ಬೇರಿನ ಹಾಗೆ ಹರಡಿಕೊಳ್ಳುತ್ತೆ. ಬಾಯಾರಿದ ಗಿಡದ ಕಾಂಡದಲ್ಲಿ ಚಿಟಿಚಿಟಿ ಸದ್ದು ಬರುತ್ತೆ, ನಮ್ಮ ಕಿವಿಗೆ ಕೇಳಲ್ಲ, ಅದಕ್ಕೆ ಕೇಳುತ್ತೆ. ಕೇಳಿದ ಕಡೆಗೆ ಮಾತ್ರ ತೊಟ್ಟು ತೊಟ್ಟು ನೀರು ಕೊಡುತ್ತೆ. ಇಷ್ಟು ನನಗೂ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ. ಈ ಬೇಸಿಗೆಯಿಂದ ನೂಲಿಗೆ ಇನ್ನೊಂದು ಕೆಲಸ ಕೊಟ್ಟಿದ್ದರಂತೆ. ಬೇಡದ ಗಿಡ ಅಂತ ಮನೆಯ ಹಿರಿಯರು ಬಾಯಲ್ಲಿ ಹೇಳಿದರೆ ಸಾಕು, ಅದರ ಬೇರಿನಿಂದ ನೀರನ್ನು ವಾಪಸ್ಸು ಹೀರಿ ಬೇಕಾದ ಗಿಡಕ್ಕೆ ಕೊಡುತ್ತೆ.

ಕೊಟ್ಟ ನೀರನ್ನು ವಾಪಸ್ಸು ಹೀರೋದು ಅಂದರೆ ಕೂಸಿನ ಬಾಯಿಂದ ಹಾಲು ಕಿತ್ತುಕೊಂಡ ಹಾಗಲ್ಲವಾ ಅಂತ ಕೇಳಿದೆ. ಪಾಲಾಕ್ಷ ನಕ್ಷೆಯಲ್ಲಿ ನಮ್ಮ ಮನೆಯ ಚುಕ್ಕೆ ಒತ್ತಿದ.

"ನಿಮ್ಮ ಮಾತಿನ ಮೇಲೇ ತೆಗೆದಿದೆಯಮ್ಮಾ. ಹೇಳಿದವರು ಹಿರಿಯರು ಅಂತಿದೆ."

ನಾನಾ? ನನ್ನ ಕೈಯಾರೆ ಬೀಜ ಹಾಕಿದ ಗಿಡವನ್ನ? ಏನಂದೆ ಅಂತ ತೋರಿಸು ಅಂದರೆ, ಮನೆಮಾತನ್ನು ಕೂಡಿಡೋದು ತಪ್ಪು, ಬಿಲ್ಲೆ ಅರ್ಥ ತಗೊಂಡು ಮಾತನ್ನು ಅಲ್ಲೇ ಮರೆತುಬಿಡುತ್ತೆ ಅಂದ. ಯಂತ್ರ ಕೆಟ್ಟಿದೆ ಅಂದೆ. ಯಂತ್ರ ಸರಿಯಾಗಿದೆ ಅಂದ. ಹಾಗಾದರೆ ಕೆಟ್ಟಿರೋದು ನನ್ನ ತಲೆ ಅಂತಾಯ್ತಲ್ಲ ಅಂತ ಎದ್ದುಬಂದೆ. ದಾರಿಯಲ್ಲಿ ಇಬ್ಬನಿ ಮೆಲ್ಲಗೆ, ಅತ್ತೆ, ನಿದ್ದೆಗಣ್ಣಲ್ಲಿ ಏನಾದರೂ ಅಂದಿರಾ ಅಂತ ಕೇಳಿದಳು. ಅವಳಿಗೂ ಅನುಮಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನೋ ಹಾಗಾಯ್ತು ನನ್ನ ಕಥೆ.

ಮುಂದಿನ ವಾರ ಸೀಮಂತ. ಹಿತ್ತಲಲ್ಲೇ ಮಾಡೋಣ ಅಂತ ಇಬ್ಬನಿಯ ಆಸೆ. ಸತ್ತ ಮೂಲೆಗೆ ಒಂದು ಪರದೆ ಕಟ್ಟಿ, ಲಕ್ಕಿಗಿಡದ ನೆರಳಲ್ಲಿ ಮಣೆ ಹಾಕಿದೆವು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಹಣ್ಣು. ಬೀದಿಯ ಹೆಂಗಸರೆಲ್ಲ ಬಂದಿದ್ದರು, ತನುಜಾ ಒಬ್ಬಳನ್ನು ಬಿಟ್ಟು. ಅವಳನ್ನು ನಾನು ಕರೆದಿರಲಿಲ್ಲ. ಇಬ್ಬನಿ ಹಿಂದೆ ಈಶ್ವರಿ ಬಳ್ಳಿ ಗೋಡೆ ತುಂಬ ಹಬ್ಬಿತ್ತು, ಹುಳುಗಳು ಈಗ ಕಿರುಬೆರಳಿನಷ್ಟು ಆಗಿದ್ದವು. ಇನ್ನೇನು ಗೂಡು ಕಟ್ಟೋ ಹೊತ್ತು ಅಂತ ಇಬ್ಬನಿ ಹೇಳಿದ್ದಳು.

ಆರತಿ ಎತ್ತಿದೆ. ನನ್ನ ಸೊಸೆಯ ಮುಖ ನೋಡಿದೆ. ಹುಡುಗಿ ಸಣಕಲಿ, ಸದಾ ಆ ನೀರುಮನೆಯ ಯೋಚನೆ, ಅವತ್ತು ಮಾತ್ರ ದೀಪ ಹಚ್ಚಿದ ಹಾಗಿದ್ದಳು.

"ಎಂಥಾ ಕಳೆ ಬಂದಿದೆ ನನ್ನ ಸೊಸೆಗೆ" ಅಂದೆ.

"ಅವಳಿಗೊಬ್ಬಳಿಗೇ ಏನು ಶಿಲ್ಪಕ್ಕಾ, ನಿಮ್ಮ ಇಡೀ ಹಿತ್ತಲಿಗೇ ಕಳೆ ಬಂದಿದೆ" ಅಂದಳು ಎದುರುಮನೆಯವಳು. ಹೌದು ಹೌದು, ಕಳೆ ತುಂಬಿಕೊಂಡಿದೆ, ಏನು ಕಳೆ, ಎಲ್ಲೆಲ್ಲೂ ಕಳೆ ಅಂತ ಎಲ್ಲರೂ ದನಿಗೂಡಿಸಿದರು. ನಾನೂ ಉಬ್ಬಿಹೋಗಿ, ಹೂಂ ಕಣ್ರೇ, ಹಿತ್ತಲ ತುಂಬ ಕಳೆ ಅಂದೆ.

ಮೊದಲು ನೋಡಿದ್ದು ಒಂದು ಸಣ್ಣ ಮಗು. ಅಜ್ಜೀ, ಗಿಡ ಮಲಗ್ತಾ ಇದೆ ಅಂತು. ತಿರುಗಿ ನೋಡಿದರೆ ಅಂಚಿನ ಹೊನಗೊನೆ ಸೊಪ್ಪು ಒಂದು ಕಡೆಯಿಂದ ಕುಸಿಯುತ್ತಾ ಬರುತ್ತಿತ್ತು. ಗಾಳಿ ಇಲ್ಲ, ಏನಿಲ್ಲ. ಚಾಪೆ ಸುತ್ತುತ್ತಾ ಬಂದ ಹಾಗೆ ಹಸಿರು ಬಿಳಿಚಿಕೊಳ್ಳುತ್ತಾ ನಮ್ಮ ಕಡೆಗೇ ಬಂತು. ದಾಸವಾಳ ತಲೆ ಇಳಿಬಿಟ್ಟಿತು. ಲಕ್ಕಿಯ ಎಲೆ ನಮ್ಮ ತಲೆ ಮೇಲೆ ಉದುರತೊಡಗಿತು, ಆರತಿ ತಟ್ಟೆಯೊಳಗೆ ಬಿತ್ತು. ಒಬ್ಬಳು ಅಯ್ಯೋ ದೇವರೇ ಅಂತ ಕಿರುಚಿದಳು. ನನ್ನ ತಟ್ಟೆ ಹಿಡಿದ ಕೈ ಹಾಗೇ ನಿಂತಿತ್ತು.

ಇಬ್ಬನಿ ಮಾತ್ರ ಗಿಡ ನೋಡಲಿಲ್ಲ. ಗೋಡೆ ಮೇಲಿನ ಬಿಲ್ಲೆ ನೋಡಿದಳು, ಆಮೇಲೆ ನನ್ನ ಬಾಯಿ ನೋಡಿದಳು.

"ಅತ್ತೆ, ಅವತ್ತು ತಂಗಡಿ ತೋರಿಸಿ ಏನಂದಿರಿ?"

ಮೂಲೆಗೆ ಕಳೆ ಬಂತು ಅಂದಿದ್ದೆ. ಹೇಳೋದಕ್ಕೆ ಬಾಯಿ ತೆಗೆದವಳ ಬಾಯಿ ಮೇಲೆ ಅವಳು ಕೈ ಇಟ್ಟಳು. ಆಗ ತಿಳಿಯಿತು ನನಗೆ. ಅದಕ್ಕೆ ಕನ್ನಡ ಕಲಿಸಿದವರು ಹೊಲದ ಕನ್ನಡ ಕಲಿಸಿದ್ದರು. ಕಳೆ ಅಂದರೆ ಕೀಳಬೇಕಾದ್ದು, ಅಷ್ಟೇ. ಹೆಂಗಸರು ಆರತಿ ತಟ್ಟೆ ಹಿಡಿದು ಆಡೋ ಕಳೆ ಅದಕ್ಕೆ ಗೊತ್ತೇ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆ ಕೇಳಿದ್ದೆ. ಮಾತು ಆಡಿದರೆ ಗಿಡ ಹೋಗುತ್ತೆ ಅಂತ ಯಾರು ಹೇಳಿದ್ದರು?

ಇಬ್ಬನಿ ಬಿಲ್ಲೆ ಕಡೆ ತಿರುಗಿ ನಿಲ್ಲಿಸು, ನಿಲ್ಲಿಸು ಅಂದಳು. ಅದು ನಿಲ್ಲಿಸಲಿಲ್ಲ. ಹಿರಿಯರು ಹೇಳಿದ್ದನ್ನು ಕಿರಿಯರು ಅಳಿಸೋ ಹಾಗಿಲ್ಲ, ಆ ಮರ್ಯಾದೆಯನ್ನು ಮಾತ್ರ ಅದಕ್ಕೆ ಚೆನ್ನಾಗಿ ಕಲಿಸಿದ್ದರು. ಕೆಲಸ ಒಪ್ಪಿಕೊಂಡ ಮೇಲೆ ನಿಲ್ಲಿಸು ಅಂದರೂ ಸಾಲದು, ಹೇಳಿದ ಮಾತನ್ನೇ ಅಲ್ಲಗಳೆಯಬೇಕಿತ್ತು. ಒಣಗೋದು ಲಕ್ಕಿಯನ್ನು ದಾಟಿ ಈಶ್ವರಿ ಬಳ್ಳಿಯ ಬುಡಕ್ಕೆ ಬಂದಿತ್ತು. ಕೆಳಗಿನ ಎಲೆಗಳು ಜೋತುಬಿದ್ದವು. ಹುಳುಗಳು ಮೇಲೆ ಮೇಲೆ ಹತ್ತುತ್ತಿದ್ದವು.

"ನೀವೇ ಹೇಳಬೇಕು ಅತ್ತೆ. ಇಲ್ಲಿ ಕಳೆ ಇಲ್ಲ ಅನ್ನಿ."

ಸೀಮಂತದ ಮಣೆ, ಮಡಿಲಲ್ಲಿ ಅಕ್ಕಿ, ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಅಂಥವಳ ಎದುರಿಗೆ ನಿಂತು, ಮನೆಯ ಹಿರಿಯಳಾಗಿ, ಇಲ್ಲಿ ಕಳೆ ಇಲ್ಲ ಅಂತ ನನ್ನ ಬಾಯಿಂದ ಬರಬೇಕಾ? ಇಲ್ಲ ಅನ್ನೋ ಮಾತನ್ನೇ ಅವತ್ತು ಆಡಬಾರದು. ಎಣ್ಣೆ ಮುಗಿದರೆ ದೀಪ ತುಂಬಿದೆ ಅನ್ನೋ ಜನ ನಾವು. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ನಿಂತಷ್ಟು ಹೊತ್ತೂ ಬಳ್ಳಿ ಒಣಗುತ್ತಾ ಹೋಯ್ತು. ಒಂದು ಹುಳು ಉದುರಿ ಇಬ್ಬನಿಯ ಮಡಿಲಿಗೆ ಬಿತ್ತು.

"ಇಲ್ಲಿ ಕಳೆ ಇಲ್ಲ" ಅಂದೆ. ದನಿ ಹೊರಡಲಿಲ್ಲ. ಬಿಲ್ಲೆಗೆ ಕೇಳಿಸಲಿಲ್ಲ. ಕಣ್ಣು ಮುಚ್ಚಿ ಗಟ್ಟಿಯಾಗಿ ಕೂಗಿದೆ, "ನನ್ನ ಮನೆಯಲ್ಲಿ ಕಳೆ ಇಲ್ಲ, ಎಲ್ಲೂ ಇಲ್ಲ, ಕಳೆ ಇಲ್ಲ!"

ನಿಂತಿತು. ಎದುರುಮನೆಯವಳು ಬಾಯಿಗೆ ಸೆರಗು ಹಿಡಿದು, ಬಿಡ್ತು ಬಿಡ್ತು, ಎಂಥ ಮಾತು ಅಂದದ್ದು ನನಗೆ ಕೇಳಿಸಿತು. ಬಳ್ಳಿಯಲ್ಲಿ ತುದಿಯ ಒಂದೆರಡು ಎಲೆ ಬಿಟ್ಟು ಎಲ್ಲ ಬೂದಿಬಣ್ಣ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಇಬ್ಬನಿ ಅಳಲಿಲ್ಲ. ಇವತ್ತು ಊರಲ್ಲೆಲ್ಲ ಲಗ್ನದ ದಿನ ಅತ್ತೆ, ಅಂದಳು, ಅಷ್ಟೇ. ಹಸಿರು ಸೀರೆಯಲ್ಲೇ, ಮಡಿಲಕ್ಕಿಯನ್ನು ಮಣೆ ಮೇಲೆ ಸುರಿದು, ನೀರುಮನೆಗೆ ಹೊರಟಳು. ಬಸುರಿ ಹೆಂಗಸು ಒಬ್ಬಳೇ ಹೋಗಬಾರದು ಅಂತ ನಾನೂ ಹಿಂದೆ ಓಡಿದೆ. ಒಳಗೆ ಹೋಗಿ ನಕ್ಷೆ ನೋಡಿದರೆ, ಹಸಿರು ಚುಕ್ಕೆಗಳು ಒಂದೊಂದಾಗಿ ಕೆಂಪಾಗುತ್ತಿದ್ದವು. ಮದುವೆ ಮನೆಗಳಲ್ಲಿ ಮದುಮಗಳನ್ನು ಚಪ್ಪರಕ್ಕೆ ಕರೆತಂದು ಎಲ್ಲರೂ ಒಂದೇ ಮಾತು ಆಡುತ್ತಿರಬೇಕು. ಒಂದೊಂದು ಹೊಗಳಿಕೆಗೂ ಒಂದೊಂದು ಹಿತ್ತಲು. ಪಾಲಾಕ್ಷ ಎರಡು ಕೈಯಲ್ಲೂ ತಲೆ ಹಿಡಿದು ಕೂತಿದ್ದ. ಇದೇನಾಗ್ತಿದೆ, ಇದೇನಾಗ್ತಿದೆ ಅಂತ ಅಷ್ಟೇ ಅವನ ಬಾಯಲ್ಲಿ. ಇಬ್ಬನಿ ಹೇಳಿದಳು. ಅವನ ಮುಖ ಬಿಳಿಚಿತು. ಅವನ ತಂಗಿಯ ಮದುವೆಯೂ ಅವತ್ತೇ ಇತ್ತಂತೆ.

ನೀರು ಹೀರೋ ಕೆಲಸವನ್ನು ಇಡೀ ಊರಿಗೆ ಮುಚ್ಚಬೇಕು ಅಂದಳು ಇಬ್ಬನಿ. ಮೇಲಿನವರನ್ನು ಕೇಳದೆ ಮುಚ್ಚಿದರೆ ಕೆಲಸ ಹೋಗುತ್ತೆ, ಒಂದು ಮಾತು ಕೇಳಿಬಿಡೋಣ ಅಂದ ಪಾಲಾಕ್ಷ. ಅವರು ಫೋನ್ ಎತ್ತೋದರೊಳಗೆ ದುರ್ಗದಲ್ಲಿ ಒಂದು ಹುಲ್ಲುಕಡ್ಡಿ ಉಳಿಯಲ್ಲ ಅಂದಳು, ಅಂದವಳೇ ಬಳೆಗೈಯಲ್ಲಿ ಮುಚ್ಚೋ ಗುಂಡಿ ಒತ್ತಿಬಿಟ್ಟಳು. ಕೆಂಪು ಹರಡೋದು ನಿಂತಿತು. ಆದರೆ ಕೆಂಪಾದದ್ದು ಹಸಿರಾಗಲಿಲ್ಲ.

ಮನೆಗೆ ಬಂದಾಗ ಹುಳುಗಳು ಒಂದು ಬಟ್ಟಲಲ್ಲಿ ಇದ್ದವು. ಯಾರೋ ಆಯ್ದು ಇಟ್ಟಿದ್ದರು. ಉಳಿದ ಒಂದೆರಡು ಎಲೆ ತಿಂದು ಮುಗಿಸಿ, ತಲೆ ಎತ್ತಿ ಆ ಕಡೆ ಈ ಕಡೆ ಹುಡುಕುತ್ತಿದ್ದವು. ಇಬ್ಬನಿ ಆ ಬಟ್ಟಲನ್ನು ಹೊಟ್ಟೆಗೆ ಒತ್ತಿಕೊಂಡು ಮಣೆ ಮೇಲೆ ಕೂತಳು. ಊರಲ್ಲಿ ಎಲ್ಲಿ ಎಷ್ಟು ಗಿಡ ಇದೆ ಅಂತ ನಕ್ಷೆಯೇ ಅವಳ ತಲೆಯಲ್ಲಿ. ಈಶ್ವರಿ ಬಳ್ಳಿ ಇನ್ನೆಲ್ಲೂ ಇಲ್ಲ ಅಂದಳು.

"ಆ ಸೊಪ್ಪು ನಮ್ಮ ಬೇಲಿ ಮೇಲೆ ಬೇಕಾದಷ್ಟಿದೆ" ಅಂತು ಒಂದು ದನಿ.

ಗೋಡೆಯಾಚೆ ತನುಜಾ. ಹುಳುಗಳನ್ನು ಆಯ್ದವಳೂ ಅವಳೇ. ನಾವಿಲ್ಲದಾಗ ಗೋಡೆ ಹತ್ತಿ ಬಂದಿದ್ದಾಳೆ, ಈ ವಯಸ್ಸಲ್ಲಿ. ನಾನು ತಲೆ ತಗ್ಗಿಸಿದೆ. ಅವಳು ನನ್ನ ಕಡೆ ನೋಡದೆ ಇಬ್ಬನಿಯ ಕೈ ಹಿಡಿದು ಹಿಂಬಾಗಿಲಿಂದ ಕರಕೊಂಡು ಹೋದಳು. ನಾನೂ ಹಿಂದೆ ಹೋದೆ.

ಕಾರೆಮುಳ್ಳಿನ ನಡುವೆ, ಕವಳೆ ಪೊದೆಯ ಮೇಲೆ, ಮುರಿದ ತಂತಿಬೇಲಿಯುದ್ದಕ್ಕೂ ಈಶ್ವರಿ ಬಳ್ಳಿ. ಒಂದು ತೊಟ್ಟು ನೀರು ಕಾಣದೆ ಕರ್ರಗೆ ಹಸಿರಾಗಿತ್ತು. ಇಬ್ಬನಿ ಒಂದು ಎಲೆ ಮಗುಚಿದಳು, ಕೂಗಿಕೊಂಡಳು. ಬೇಲಿಯ ಒಳಮೈ ತುಂಬ ಗೂಡುಗಳು ನೇತಾಡುತ್ತಿದ್ದವು. ಕೆಲವು ಆಗಲೇ ಒಡೆದು ಖಾಲಿ. ಪೊದೆಯೊಳಗಿಂದ ಒಂದು ಕರಿ ಚಿಟ್ಟೆ ಎದ್ದು, ಕೆಂಪು ಮೈ ತೋರಿಸಿ, ನನ್ನ ಮೂಗಿನ ಮುಂದೆಯೇ ಹಾದುಹೋಯ್ತು. ನಮ್ಮ ಗೋಡೆಗೆ ಹುಳು ಬಂದದ್ದು ನಮ್ಮ ನೂಲಿನಿಂದಲ್ಲ. ಇಲ್ಲಿಂದ ಉಕ್ಕಿ ಬಂದಿತ್ತು. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಾನು ಪಕ್ಕದ ಹಿತ್ತಲನ್ನು ಹಿತ್ತಲು ಅಂತಲೂ ಒಪ್ಪಿರಲಿಲ್ಲ.

"ಹಾರಾಡೋದು ನೋಡಿದ್ದೆ. ಅದು ಅಷ್ಟು ದೊಡ್ಡ ವಿಷಯ ಅಂತ ಯಾರು ಹೇಳಿದ್ದರು ನನಗೆ? ನೀನಂತೂ ಮಾತು ಬಿಟ್ಟಿದ್ದೆ" ಅಂದಳು ತನುಜಾ.

ಗಡುವು ಮುಗಿದು ಸಮಿತಿಯವರು ನೋಡೋಕೆ ಬರೋ ಹೊತ್ತಿಗೆ ನನ್ನ ಬುದ್ಧಿ ಮತ್ತೆ ವಕ್ರವಾಯ್ತು, ಮುಚ್ಚುಮರೆ ಯಾಕೆ. ಒಂದಷ್ಟು ಗೂಡು ತಂದು ನಮ್ಮ ಗೋಡೆಗೆ ಅಂಟಿಸಿಬಿಡೋಣ ಕಣೇ, ನಿನ್ನ ನೂಲಿಗೂ ಮರ್ಯಾದೆ, ನಿನ್ನ ಕೆಲಸಕ್ಕೂ ಉಳಿಗಾಲ ಅಂದೆ. ಇಬ್ಬನಿ ಮಾತ್ರ ಬಂದವರನ್ನು ಸೀದಾ ತನುಜಾಳ ಬೇಲಿಗೆ ಕರೆದುಕೊಂಡು ಹೋದಳು. ಹಿರಿಯ ಅಧಿಕಾರಿ ಒಬ್ಬ ಹೆಂಗಸು, ಗಂಟುಮುಖದವಳು. ಚಿಟ್ಟೆ ನೋಡಿದಳು. ಮುಖ ಸಡಿಲವಾಯ್ತು. ಇಲ್ಲಿಗೆ ಎಷ್ಟು ನೀರು ಕೊಟ್ಟಿರಿ ಅಂತ ಕೇಳಿದಳು.

"ಕೊಟ್ಟಿಲ್ಲ" ಅಂದಳು ಇಬ್ಬನಿ. "ಇಲ್ಲಿ ನಮ್ಮ ನೂಲೇ ಇಲ್ಲ. ಇವರು ಏನೂ ಕಿತ್ತಿಲ್ಲ, ಅಷ್ಟೇ. ನಾವು ಕಿತ್ತೆವು."

ಆ ಹೆಂಗಸು ಒಂದು ಕಲ್ಲಿನ ಮೇಲೆ ಕೂತು ಬೇಲಿಯ ಗೂಡುಗಳನ್ನು ಎಣಿಸಿದಳು. ಎಣಿಸಿ ಮುಗಿಸಿ ಎದ್ದುಹೋದಳು. ಸಮಿತಿಯ ಉತ್ತರ ಆಮೇಲೆ ಬಂತು. ಕಲ್ಲು ಹಾಸೋದಿಲ್ಲ. ಹಿತ್ತಲುಗಳು ಇರಲಿ. ನೂಲಿನ ನೀರು ಹೊಸದಾಗಿ ನೆಟ್ಟ ಗಿಡಕ್ಕೆ, ಅದು ಬೇರು ಬಿಡೋವರೆಗೆ ಮಾತ್ರ. ತಾನಾಗಿ ಹುಟ್ಟಿದ್ದನ್ನು ಯಾರೂ ಮುಟ್ಟಬಾರದು. ಇಬ್ಬನಿಗೆ ಕೆಲಸ ಉಳಿಯಿತು, ಆದರೆ ನಕ್ಷೆಯ ಮುಂದೆ ಅಲ್ಲ. ತನುಜಾಳ ಬೇಲಿಯ ಬೀಜ ಆಯ್ದು ಸತ್ತ ಹಿತ್ತಲುಗಳಿಗೆ ಹಂಚೋ ಕೆಲಸ.

ಬಿಲ್ಲೆ ಕೀಳೋದಕ್ಕೆ ಜನ ಬಂದದ್ದು ಇಬ್ಬನಿಗೆ ದಿನ ತುಂಬಿದ ಮೇಲೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಆ ಮಾತು ಯಾರೂ ಆಡಿರಲಿಲ್ಲ. ಪಾಲಾಕ್ಷ ಎಲ್ಲ ಮುಚ್ಚಿದೆ, ಏನೂ ಆಗಲ್ಲ ಅಂತ ಎಷ್ಟು ಹೇಳಿದರೂ ನನಗೆ ಭಯ. ಎರಡು ತಿಂಗಳು ಸೊಸೆಯ ಮುಖ ನೋಡುತ್ತೇನೆ, ಬಾಯಿಗೆ ಬರುತ್ತೆ, ನುಂಗುತ್ತೇನೆ. ಸೀಮಂತದ ಮಣೆಯ ಮುಂದೆ ನಾನು ಕೂಗಿದ ಆ ಇಲ್ಲ ಇಲ್ಲ ಅನ್ನೋದೇ ಅವಳ ಕಿವಿಯಲ್ಲಿ ಉಳಿದಿರಬೇಕು ಅಂತ ಒಳಗೊಳಗೇ ಸಂಕಟ. ಒಂದು ದಿನವೂ ಅವಳು ಅದರ ಮಾತೆತ್ತಲಿಲ್ಲ, ಅದು ಇನ್ನೂ ಸಂಕಟ.

ಬಿಲ್ಲೆ ಕಿತ್ತವನು ಹೋದ. ಗೋಡೆ ಮೇಲೆ ಒಂದು ಬಿಳಿ ಗುಂಡು ಗುರುತು ಉಳಿಯಿತು. ಇಬ್ಬನಿ ತನುಜಾ ಕೊಟ್ಟ ಈಶ್ವರಿ ಬಳ್ಳಿಯ ಎಳೆ ಕುಡಿಯನ್ನು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ದಾರಕ್ಕೆ ಹಬ್ಬಿಸುತ್ತಿದ್ದಳು. ಬೆವರಿದ್ದಳು. ಮೂಗಿನ ಮೇಲೆ ಮಣ್ಣು. ಬೆಳಗಿನ ಬಿಸಿಲು ಮುಖದ ಮೇಲೆ ಬಿದ್ದಿತ್ತು.

"ನಿನ್ನ ಮುಖಕ್ಕೆ ಎಂಥಾ ಕಳೆ ಬಂದಿದೆ ಕಣೇ" ಅಂದುಬಿಟ್ಟೆ.

ಅಂದವಳೇ ಸುತ್ತ ನೋಡಿದೆ. ಎಳೆ ಕುಡಿ ನೋಡಿದೆ, ಹೊಸದಾಗಿ ಎದ್ದ ತುಂಬೆ ನೋಡಿದೆ. ಯಾವುದೂ ಮಲಗಲಿಲ್ಲ. ಇಬ್ಬನಿ ದಾರ ಬಿಟ್ಟು ನನ್ನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು.

"ಇನ್ನೊಂದು ಸಲ ಹೇಳಿ ಅತ್ತೆ" ಅಂದಳು.

ಗೋಡೆಯಾಚೆಯಿಂದ ತನುಜಾ, ಯಾರ ಹಿತ್ತಲಿಗೆ ಹೇಳ್ತಿದ್ದೀಯೇ, ಬೈತಿದ್ದೀಯೋ ಹೊಗಳ್ತಿದ್ದೀಯೋ ಅಂತ ಕೇಳಿದಳು. ಅವಳಿಗೆ ಆಮೇಲೆ ಹೇಳಿದರಾಯ್ತು ಅಂತ, ಸೊಸೆಯ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಸಲ ಹೇಳಿದೆ.